ಅರವತ್ತಕ್ಕೆ ಉಗಾಂಡ

ವಿಭೂತಿಪುರ, ಬೆಂಗಳೂರು
21 ಜನವರಿ 2026, ಬುಧವಾರ

ಲಿಖಿತನ ಅಪ್ಪನವರಿಗೆ ಆಂಜನಮ್ಮನ ನಮಸ್ಕಾರ.

ಮೊದಲು ಮಂಡಿ ನೋವು ಹೇಗಿದೆ ಹೇಳಿ. ಸಿಟ್ಟಿನಲ್ಲಿ ಹೊರಟವರು ಶುಗರ್ ಮಾತ್ರೆ ಡಬ್ಬಿಯನ್ನು ಟಿವಿ ಪಕ್ಕದಲ್ಲೇ ಬಿಟ್ಟು ಹೋಗಿದ್ದೀರಿ. ಹನ್ನೆರಡು ದಿನವಾಯಿತು. ಅಲ್ಲೇ ಎಲ್ಲಾದರೂ ಕೊಂಡುಕೊಂಡಿರುತ್ತೀರಿ ಅಂದುಕೊಂಡಿದ್ದೇನೆ, ಆದರೂ ಲಿಖಿತ ನಾಳೆ ಕೆಲಸದ ಮೇಲೆ ಹೊಸಕೋಟೆ ಕಡೆ ಬರುವುದರಿಂದ ಈ ಕಾಗದದ ಜೊತೆಗೆ ಅವನ್ನೂ ಕಳಿಸಿದ್ದೇನೆ. ಬೆಳಿಗ್ಗೆಯದು ತಿಂಡಿಗೆ ಮುಂಚೆ. ವೆಂಕಟಮ್ಮ ಅತ್ತಿಗೆ ತಮ್ಮನ ಮೇಲಿನ ಪ್ರೀತಿಗೆ ಹಿತಕಿದ ಬೇಳೆ ಸಾರು, ಅಕ್ಕಿ ರೊಟ್ಟಿ ಅಂತ ಮೂರು ಹೊತ್ತೂ ಬಡಿಸುತ್ತಿರುತ್ತಾರೆ. ಸ್ವಲ್ಪ ನೋಡಿಕೊಂಡು ತಿನ್ನಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸಂಕ್ರಾಂತಿಗೆ ರಮ್ಯಶ್ರೀಯೇ ಬೀದಿಯವರಿಗೆಲ್ಲ ಎಳ್ಳು ಹಂಚಿ ಬಂದಳು. ಎಲ್ಲರೂ ಮಾವನವರೆಲ್ಲಿ ಅಂತ ಕೇಳಿದರಂತೆ. ಅವರೆಕಾಯಿ ತರಲು ಹೋಗಿದ್ದಾರೆ ಅಂತ ನಮ್ಮ ಸೊಸೆ ಹೇಳಿದ್ದಾಳೆ.

ಕಾಗದ ಯಾಕೆ ಅಂತೀರೇನೋ. ಫೋನಿನಲ್ಲಿ ನೀವು “ಊಟ ಆಯ್ತಾ” ಅಂತೀರಿ, ನಾನು ಆಯ್ತು ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಈ ವಿಷಯವನ್ನು ನಿಮ್ಮ ಎದುರು ನೆಟ್ಟಗೆ ಕೂತು ನಾನು ಒಮ್ಮೆಯೂ ಹೇಳಲಿಲ್ಲ. ಉಗಾಂಡದಿಂದ ಬಂದ ಒಪ್ಪಿಗೆ ಪತ್ರವನ್ನು ನೀವು ಊಟದ ಮೇಜಿನ ಮೇಲೆ ನೋಡಿದಿರಿ, ಎರಡು ವರ್ಷ ಅಂತ ಓದಿದಿರಿ, ಕೆಳಗೆ ನನ್ನ ಸಹಿಯೂ ಇತ್ತು. “ಅರವತ್ತಕ್ಕೆ ಜನ ಕಾಶಿಗೋಯ್ತಾರೆ ಕಣೇ, ನೀನು ಆಫ್ರಿಕಾಗೋಯ್ತೀನಿ ಅಂತೀಯಲ್ಲ” ಅಂದು ಚೀಲ ಎತ್ತಿಕೊಂಡಿರಿ. ಹೋಗುವುದು ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಕೇಳದೆ ಸಹಿ ಹಾಕಿದ್ದು ತಪ್ಪು. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ. ನೀವು ಬೇಡ ಅಂದ ಮೇಲೂ ಹೋಗುವಷ್ಟು ಧೈರ್ಯ ನನಗಿರಲಿಲ್ಲ. ಇಷ್ಟೇ ಸತ್ಯ.

ಯಾಕೆ ಹೋಗಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ನನ್ನ ಸರ್ವಿಸಿನ ಕೊನೇ ವರ್ಷದಲ್ಲಿ ಯಾದಗಿರಿ ಕಡೆಯ ಜಟ್ಟೆಮ್ಮ ಅಂತ ಒಬ್ಬಳು ನಮ್ಮ ಆಸ್ಪತ್ರೆಗೆ ಹೆರಿಗೆಗೆ ಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸದವರು, ಕೆ.ಆರ್. ಪುರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ಮಗು ಸಲೀಸಾಗಿ ಆಯಿತು, ಆಮೇಲೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟರೂ ನಿಲ್ಲಲಿಲ್ಲ. ಡಾಕ್ಟರಮ್ಮ ಇನ್ನೊಬ್ಬಳ ಆಪರೇಷನ್ ನಡುವೆ ಇದ್ದರು. ಒಳಗೊಂದು ಕೈ, ಹೊಟ್ಟೆ ಮೇಲೊಂದು ಕೈ ಇಟ್ಟು ಗರ್ಭಕೋಶವನ್ನು ಒತ್ತಿ ಹಿಡಿದು ನಿಂತೆ. ಮುಕ್ಕಾಲು ಗಂಟೆ. ಪಕ್ಕದಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಉಮಾಶ್ರೀ ಅನ್ನುವ ನರ್ಸ್ ಹುಡುಗಿ ಅಳುತ್ತಾ ನಿಂತಿದ್ದಳು. ಅಳು ಆಮೇಲೆ, ಮೊದಲು ನನ್ನ ಕೈ ಎಲ್ಲಿದೆ ನೋಡು ಅಂತ ಗದರಿದೆ. ಜಟ್ಟೆಮ್ಮ ಉಳಿದಳು. ಅವತ್ತು ಮನೆಗೆ ಬಂದು ತೋಳು ಎತ್ತಲಾಗದೆ ಕೂತಿದ್ದಾಗ ನೀವೇ ಅನ್ನ ಕಲಸಿಕೊಟ್ಟಿರಿ. ಏನಾಯಿತು ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ನಿವೃತ್ತಳಾದ ಮೇಲೆ ಒಂದು ದಿನ ಉಮಾಶ್ರೀ ಫೋನ್ ಮಾಡಿ, “ಮೇಡಂ, ಇವತ್ತು ನಾನೊಬ್ಳೇ ಹಿಡ್ಕೊಂಡಿದ್ದೆ, ತಾಯಿ ಚೆನ್ನಾಗಿದಾರೆ” ಅಂದಳು. ಮೂವತ್ತೇಳು ವರ್ಷದ ಕೆಲಸದಲ್ಲಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಉಗಾಂಡದಲ್ಲಿ ನಾನು ಹೋಗುವ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಕಲಿಯುವ ಹದಿನೆಂಟು ಹುಡುಗಿಯರಿದ್ದಾರೆ. ಪುಸ್ತಕವಿದೆ, ಅಭ್ಯಾಸಕ್ಕೆ ಬೊಂಬೆಯೂ ಇದೆಯಂತೆ, ಪಕ್ಕದಲ್ಲಿ ನಿಂತು ಕೈ ಎಲ್ಲಿಡಬೇಕು ಅಂತ ತೋರಿಸುವವರು ಸಾಲದು. ಅದೊಂದು ನನಗೆ ಬರುತ್ತದೆ. ಸಂಬಳವಿಲ್ಲ, ಇರಲು ಒಂದು ಮನೆ, ಊಟ ಕೊಡುತ್ತಾರೆ. ಅಲ್ಲೂ ರಾಗಿ ಬೆಳೆಯುತ್ತಾರೆ, ಮುದ್ದೆಯಂಥದ್ದೇ ಮಾಡುತ್ತಾರೆ ಅಂತ ರಮ್ಯಶ್ರೀ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಕೈಯಲ್ಲೇ ತಿನ್ನುತ್ತಾರೆ.

ಸಿದ್ಧತೆ ಅರ್ಧ ಮುಗಿದಿದೆ. ಹಳದಿ ಜ್ವರದ ಇಂಜೆಕ್ಷನ್ ಹಾಕಿಸಿಕೊಂಡೆ. ಸಾವಿರಾರು ಜನಕ್ಕೆ ಸೂಜಿ ಚುಚ್ಚಿದ ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ, ಆ ಸಿಸ್ಟರ್ ನಕ್ಕುಬಿಟ್ಟಳು. ನಮ್ಮ ವಾರ್ಡಿನಲ್ಲಿ ಆಯಾ ಆಗಿದ್ದ ಉಮ್ಮೆ ಕುಲ್ಸುಂ ಗೊತ್ತಲ್ಲ, ಅವಳು ಶಿವಾಜಿನಗರದಿಂದ ಬಂದು ಕೂಸುಗಳಿಗೆ ನಲವತ್ತು ಟೋಪಿ ಹೊಲಿದು ಕೊಟ್ಟು ಹೋದಳು. ಭಾಷೆ ಬರಲ್ಲ, ಜನ ಹೇಗೋ ಏನೋ, ಭಯ ಆಗುತ್ತದೆ ಅಂದೆ. “ಅರೇ ಸಿಸ್ಟರ್, ಅಲ್ಲಿ ಬಚ್ಚಾ ಏನು ಬೇರೆ ದಾರೀಲಿ ಬರ್ತದಾ?” ಅಂದಳು. ಲಿಖಿತ ಮೊದಮೊದಲು ಮುಖ ಊದಿಸಿಕೊಂಡಿದ್ದ, ಈಗ ಸೂಟ್‌ಕೇಸ್ ತೂಕ ಮಾಡಲು ತಕ್ಕಡಿ ತಂದಿದ್ದಾನೆ. ವಿಮಾನ ಫೆಬ್ರವರಿ ಹತ್ತಕ್ಕೆ, ಮಂಗಳವಾರ. ನಿಮ್ಮ ಊಟಕ್ಕೆ ತೊಂದರೆಯಾಗದು. ಸೊಸೆ ಎಂದೂ ಬೇಸರಿಸುವವಳಲ್ಲ, ಆದರೆ ನೀವೂ ನಿಮ್ಮ ತಟ್ಟೆಯನ್ನಾದರೂ ತೊಳೆಯಿರಿ. ಫ್ಯಾಕ್ಟರಿಯಲ್ಲಿ ವಿಮಾನದ ಭಾಗಗಳನ್ನೇ ಒರೆಸಿಟ್ಟವರು, ತಟ್ಟೆ ಏನು ಮಹಾ.

ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ಹೋದ ಭಾನುವಾರ ನಾನು ಹೊಸಕೋಟೆಗೆ ಬಂದಿದ್ದೆ. ಬಸ್ಸಿಳಿದು ಅತ್ತಿಗೆ ಮನೆ ಬೀದಿಯ ತನಕ ನಡೆದುಬಂದೆ. ನೀವು ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಿರಿ. ಮನೆಯಲ್ಲಿ ಒಂದು ದಿನವೂ ಸುಲಿದವರಲ್ಲ! ಗಡ್ಡ ಮಾಡಿರಲಿಲ್ಲ. ಗಡ್ಡವೆಲ್ಲ ಬೆಳ್ಳಗಾಗಿದೆ ಅಂತ ಅವತ್ತೇ ನೋಡಿದ್ದು. ನೀವು ತಲೆಯೆತ್ತಿ “ಬಾರೇ” ಅಂದಿದ್ದರೆ ಸಾಕಿತ್ತು, ನಾನು ಉಗಾಂಡ ಗಿಗಾಂಡ ಎಲ್ಲ ಬಿಟ್ಟು ನಿಮ್ಮ ಪಕ್ಕದಲ್ಲಿ ಕೂತು ಸುಲಿಯುತ್ತಿದ್ದೆ. ಆಮೇಲೆ ಬದುಕಿರುವವರೆಗೂ ಅದನ್ನು ನಿಮ್ಮ ಮೇಲೆ ಹೊರಿಸುತ್ತಿದ್ದೆ. ಅದು ಬೇಡ ಅನ್ನಿಸಿತು. ಬೇಕರಿ ಮುಂದೆ ಒಂದೈದು ನಿಮಿಷ ನಿಂತು ಮುಂದಿನ ಬಸ್ಸಿಗೆ ವಾಪಸ್ಸು ಬಂದೆ. ಟಿನ್ ಫ್ಯಾಕ್ಟರಿ ಸ್ಟಾಪಿನ ತನಕ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ. ಪಕ್ಕದ ಸೀಟಿನ ಹೆಂಗಸು ಧೂಳು ಜಾಸ್ತಿ ಅಂತ ಕಿಟಕಿ ಮುಚ್ಚಿದಳು, ಪಾಪ.

ಒಪ್ಪಿಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಸಹಿ ಹಾಕಿ ಆಗಿದೆ, ಹೋಗುತ್ತೇನೆ. ಸಿಟ್ಟು ನಿಮಗೆ ಇನ್ನೂ ಸ್ವಲ್ಪ ದಿನ ಬೇಕಿದ್ದರೆ ಇಟ್ಟುಕೊಳ್ಳಿ. ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ, ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡಿಸಿಕೊಳ್ಳಿ. ಮನೆದೇವರು ನಿಮ್ಮನ್ನು ತಣ್ಣಗಿಡಲಿ.

ನಿಮ್ಮ
ಆಂಜನಮ್ಮ

ವಿ.ಸೂ.: ಮುಖ್ಯವಾದದ್ದೇ ಮರೆತೆ. ಮರೆತೆ ಅನ್ನುವುದೂ ಸುಳ್ಳು, ಮೇಲೆ ಬರೆಯಲು ಕೈ ಬರಲಿಲ್ಲ. ನನ್ನನ್ನು ಅಲ್ಲಿಗೆ ಕಳಿಸುವ ಸಂಸ್ಥೆಯವರ ಫಾರಂನಲ್ಲಿ ಒಂದು ಪ್ರಶ್ನೆ ಇದೆ. ಈ ಎರಡು ವರ್ಷದಲ್ಲಿ ನಾನು ತೀರಿಕೊಂಡರೆ ದೇಹವನ್ನು ಊರಿಗೆ ಕಳಿಸಬೇಕೋ, ಅಲ್ಲೇ ಮಣ್ಣು ಮಾಡಬೇಕೋ ಅಂತ. ಹೋಗುವವರನ್ನೆಲ್ಲ ಕೇಳುತ್ತಾರಂತೆ, ಗಾಬರಿಯಾಗಬೇಡಿ. ಮನೆಯವರೊಬ್ಬರ ಸಹಿ ಬೇಕು. “ಕೊಡಮ್ಮ, ನಾನು ಹಾಕ್ತೀನಿ” ಅಂದ ಲಿಖಿತ. ಕೊಡಲಿಲ್ಲ. ನಿಮ್ಮ ಅಮ್ಮನನ್ನು ಮಣ್ಣು ಮಾಡಿದ ದಿನ ಹೊಲದ ಮೂಲೆಯಲ್ಲಿ ಇನ್ನೊಂದು ಜಾಗ ತೋರಿಸಿ, ಇದು ನಮ್ಮಿಬ್ಬರಿಗೂ ಅಂದಿದ್ದಿರಿ. ಈಗಲೂ ಹಾಗೇನಾ? ಸೋಮವಾರ ರಜಾ, ಮಂಗಳವಾರ ಬೆಳಿಗ್ಗೆ ಫಾರಂ ಕಳಿಸಬೇಕು. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ನೀವೇ ಬಂದು ಬರೆಯಿರಿ.