ಪೆಟ್ಟಿಗೆಯಲ್ಲಿ ಮಲಗಿದ ವರದಿ

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ನನ್ನ ಮಗನ ಹೊಟ್ಟೆಯ ವರದಿಯನ್ನು ನಿಮ್ಮವರು ಎರಡು ವರ್ಷ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಈಗ ಮಗಳ ವರದಿಯೂ ಅಲ್ಲೇ ಮಲಗಿದೆ. ಮೂರು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಮಗ ಪುಸ್ತಕ ಹೊಲಿಯುವವನು. ನೂರಾರು ಹಾಳೆಗಳಲ್ಲಿ ಒಂದೂ ಕಳಚದಂತೆ ಹೊಲಿಯುವವನ ಒಂದೇ ಒಂದು ಹಾಳೆ ನಿಮ್ಮ ಕೈಯಲ್ಲಿ ನಿಲ್ಲಲಿಲ್ಲ. ಹೊಟ್ಟೆಯುರಿ ಎಂದು ಬಂದಾಗ ಬಾಯಿಂದ ನಳಿಕೆ ಇಳಿಸಿ ನೋಡಿದರು, ಜಠರದ ಒಳಗಿನ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಂದೇ ಬಣ್ಣದ ಚಿತ್ರಗಳಿದ್ದ ಕಾಗದ ಕೈಗೆ ಬಂತು. ಹುಣ್ಣು ಎಂದಿತ್ತು. ಉರಿಗೆ ಗುಳಿಗೆ ಕೊಟ್ಟರು, ಉರಿ ನಿಂತಿತು. ಅಷ್ಟು ಚಂದದ ಕಾಗದ ಕೊಟ್ಟ ಮೇಲೆ ಇನ್ನೊಂದಿದೆ ಎಂದು ಯಾರಿಗೆ ಹೊಳೆಯಬೇಕು? ಚೂರಿನ ವರದಿ ವಾರದ ಮೇಲೆ ಹಿಂದಿನ ಕಟ್ಟಡದ ಕಿಟಕಿಗೆ ಬರುತ್ತದೆ ಎಂದು ಹೇಳಿದ್ದರೆ ಯಾರ ಬಾಯಿ ಸವೆಯುತ್ತಿತ್ತು?

ಈ ವರ್ಷ ಊಟ ಸೇರದೆ, ಮೈ ಇಳಿದು ಅವನು ಮತ್ತೆ ಬಂದಾಗ ಮತ್ತೊಮ್ಮೆ ಚೂರು ತೆಗೆದರು. ಆಗ ಆ ಕಿಟಕಿಯ ಒಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ವರದಿ ಸಿಕ್ಕಿತು. ಜಠರದಲ್ಲಿ ಬ್ಯಾಕ್ಟೀರಿಯಾ ಇದೆ, ಚಿಕಿತ್ಸೆ ಬೇಕು ಎಂದು ಅದರಲ್ಲಿತ್ತು. ಹೊಸದರಲ್ಲಿ ಕ್ಯಾನ್ಸರ್ ಎಂದಿತ್ತು. ಜಠರದ ಮುಕ್ಕಾಲು ಪಾಲು ತೆಗೆದರು.

ಆಪರೇಷನ್ ಮಾಡಿದ ಡಾಕ್ಟರಮ್ಮನನ್ನು ಕೇಳಿದೆ.

"ಈ ಕ್ರಿಮಿ ಬಹಳ ಜನರ ಹೊಟ್ಟೇಲಿರುತ್ತೆ ಅಜ್ಜಿ. ಎಲ್ಲರಿಗೂ ಕ್ಯಾನ್ಸರ್ ಬರಲ್ಲ. ಕೆಲವರಿಗೆ ವರ್ಷಗಟ್ಟಲೆ ಒಳಗೊಳಗೇ ಊತ ಇದ್ದು, ಆ ಕಡೆ ತಿರುಗುತ್ತೆ. ಎರಡು ವಾರ ಬಿಡದೆ ಗುಳಿಗೆ ತಗೊಂಡು, ಹೋಯ್ತಾ ಅಂತ ಮತ್ತೆ ಪರೀಕ್ಷೆ ಮಾಡಿಸಬೇಕು."

"ಆಗಲೇ ಕೊಟ್ಟಿದ್ರೆ ಇದು ಬರ್ತಿರಲಿಲ್ವಾ ತಾಯಿ?"

"ಖಂಡಿತ ಅಂತ ಹೇಳಲಾರೆ. ಬರೋ ಸಂಭವ ಕಡಿಮೆ ಆಗ್ತಿತ್ತು."

ನನ್ನ ಮುಖ ನೋಡಿ ಹೇಳಿದರು. ನಿಮ್ಮಲ್ಲಿ ಮುಖ ನೋಡಿ ಮಾತಾಡಿದವರು ಅವರೊಬ್ಬರೇ. ಒಂದೇ ಮನೆಯವರಿಗೆ ಹರಡಬಹುದು ಎಂದು, ಉರಿ ಉರಿ ಎನ್ನುತ್ತಿದ್ದ ಮಗಳಿಗೂ ಪರೀಕ್ಷೆ ಬರೆದುಕೊಟ್ಟರು.

ಅವಳ ಚೂರು ತೆಗೆದು ಐದು ವಾರವಾಯಿತು. ಕಿಟಕಿಯ ಗುಮಾಸ್ತ ನನಗೆ, "ರೋಗಿನೇ ಬರ್ಬೇಕು" ಅಂದ. ರೋಗಿಯೇ ಹೋದಳು.

"ಕೊಟ್ಟ ಗುಳಿಗೆಗೆ ಉರಿ ನಿಂತಿದೆ ತಾನೇ ಅಕ್ಕ? ಏನವಸರ, ಹುಡುಕಿಡ್ತೀವಿ."

"ನಿಂತಿರೋದು ಉರಿ ಮಾತ್ರ ಕಣಪ್ಪ. ಅಣ್ಣಂಗೂ ಹೀಗೇ ನಿಂತಿತ್ತು."

ಅವನು ಕಿಟಕಿ ಮುಚ್ಚಿಕೊಂಡ.

ನಾಲ್ಕನೇ ಕ್ಲಾಸು ಓದಿದ ನನಗೆ ತಿಳಿದದ್ದು, ಗೋಡೆ ತುಂಬ ಸರ್ಟಿಫಿಕೇಟು ತೂಗುಹಾಕಿದ ತಮಗೆ ತಿಳಿಯದೇ? ಸೋಮವಾರ ಹತ್ತು ಗಂಟೆಗೆ ಮಗಳನ್ನು ಕರೆದುಕೊಂಡು ನಿಮ್ಮ ಕೋಣೆಗೆ ಬರುತ್ತೇನೆ. ವರದಿ ಮೇಜಿನ ಮೇಲಿರಲಿ. ಕಳೆದಿದ್ದರೆ ಕಳೆದಿದೆ ಎಂದು ನಿಮ್ಮ ಬಾಯಿಂದಲೇ ಹೇಳಿ, ಅಂದೇ ಮತ್ತೆ ಪರೀಕ್ಷೆ ಮಾಡಿಸಿ. ಆಮೇಲೆ ಆ ಪೆಟ್ಟಿಗೆ ತೆರೆಸಿ, ಅದರಲ್ಲಿರುವ ಒಬ್ಬೊಬ್ಬರ ಮನೆಗೂ ಫೋನು ಮಾಡಿಸಿ. ಅವರು ಕಾಯುತ್ತಿಲ್ಲ. ಕಾಯಬೇಕೆಂದೇ ಅವರಿಗೆ ಗೊತ್ತಿಲ್ಲ.

ಇಂತಿ,
ಒಂದು ವರದಿಯನ್ನು ತಡವಾಗಿ ಓದಿಸಿಕೊಂಡ,
ಇನ್ನೊಂದನ್ನು ಇನ್ನೂ ಕಾಣದ ತಾಯಿ