ಕೇಬಲ್ ಮಣ್ಣಿನ ಮೇಲಿನ ಗಿಡ

ಸಿದ್ದಾಪುರ
೬-೧೦-೧೯೯೭

ಪ್ರೀತಿಯ ವಿನೋದಾ,

ಯಲ್ಲಾಪುರದ ಕಾಲೇಜಿನಲ್ಲಿ ಬಾಟನಿ ಪಾಠ ಮಾಡಲು ಸೇರಿದೆ ಎಂದು ನೀನು ಬರೆದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈಯಬೇಡ ಮಾರಾಯ್ತಿ. ಮಗು ಮಲಗಿದರೂ ನನಗೆ ನಿದ್ದೆಯಿಲ್ಲ, ಉಸಿರಾಡುತ್ತಿದೆಯಾ ಎಂದು ನೋಡುತ್ತ ಕೂರುತ್ತೇನೆ.

ಇದರ ಜೊತೆ ಒಂದು ಗಿಡ ಒಣಗಿಸಿ ಇಟ್ಟಿದ್ದೇನೆ. ಮನೆಯೆದುರು ಟೆಲಿಫೋನ್ ಕೇಬಲಿಗೆಂದು ಅಗೆದು ಹಾಕಿದ ಮಣ್ಣಿನ ಮೇಲೆ ಎದ್ದದ್ದು. ಮೈತುಂಬ ರೋಮ, ಮುಟ್ಟಿದರೆ ಅಂಟು, ಹಳದಿ ಹೂವಿಗೆ ನಾಲ್ಕೇ ಎಸಳು, ಸಾಸಿವೆಯಂಥ ಕೋಡು. ನಾಯಿಸಾಸಿವೆ ಅನ್ನಿಸುತ್ತದೆ, ಅರೆದು ಹಚ್ಚಿದರೆ ಚರ್ಮ ಸುಡುವಂಥದ್ದು. ಕಾಲೇಜಿನ ಹರ್ಬೇರಿಯಂನ ಒಣಗಿಡಗಳ ಜೊತೆ ಹೋಲಿಸಿ ನೋಡಿ, ಅಲ್ಲ ಎಂದು ಬರೆ.

ನನ್ನ ಅಭಿಜ್ಞಾಗೆ ಈಗ ಮೂರು ತಿಂಗಳು. ಅವಳನ್ನು ಮೀಯಿಸಲು ಚೌಡಮ್ಮ ಬರುತ್ತಿದ್ದಳು. ಊರಿನ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಿಂದವರೇ. ಎಣ್ಣೆಯ ಜೊತೆ ಯಾವುದೋ ಸೊಪ್ಪು ಅರೆದು ಹಚ್ಚುವಳು. ಕಳೆದ ಮಂಗಳವಾರ ಅವಳು ಬರಲಿಲ್ಲ. ಬಚ್ಚಲಲ್ಲಿ ಅರೆದಿಟ್ಟಿದ್ದ ಸೊಪ್ಪನ್ನು ಅತ್ತೆಯೇ ಹಚ್ಚಿದರು. ನೀರು ಹೊಯ್ಯುವಷ್ಟರಲ್ಲಿ ಬೆನ್ನೆಲ್ಲ ಕೆಂಪು, ಸಂಜೆಗೆ ಬೊಕ್ಕೆ. ಕಲೆ ಉಳಿಯಬಹುದು ಎಂದರು ಡಾಕ್ಟರು.

“ಅವ್ಳ ಕೈಗೆ ಕೂಸು ಕೊಟ್ಟಿದ್ದೇ ತಪ್ಪಾತು” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ನಮ್ಮ ಯಜಮಾನರೂ ನನ್ನ ಓದನ್ನು ಆಡಿಕೊಳ್ಳದೆ ಬಿಡಲಿಲ್ಲ: “ಬಿ.ಎಸ್ಸಿ. ಬಾಟನಿ ಮನೆಲೇ ಇದ್ದು. ಬಚ್ಚಲಲ್ಲಿದ್ದ ಸೊಪ್ಪು ಎಂತದು ಹೇಳಿ ಗೊತ್ತಾಜಿಲ್ಯನೆ?” ಚೌಡಮ್ಮನನ್ನು ಬಿಡಿಸಿದ್ದಾಯಿತು. ನಮ್ಮನ್ನು ನೋಡಿ ಪಕ್ಕದ ಎರಡು ಬಾಣಂತಿ ಮನೆಯವರೂ ಅವಳನ್ನು ಬರಬೇಡ ಎಂದರಂತೆ.

ನಿನ್ನ ಅಮ್ಮನಿಗೆ ನಮಸ್ಕಾರ ಹೇಳು. ನೀನಾದರೂ ನಿದ್ದೆ ಮಾಡಿ ಸುಖವಾಗಿರು.

ನಿನ್ನ
ಶ್ರೀವಾಣಿ

ತಾ.ಕ.: ಸೊಪ್ಪು ಕೊಯ್ದು ಅರೆದದ್ದು ನಾನು ಕಣೆ. ಸೋಮವಾರ ಹೋಗುವಾಗ ಚೌಡಮ್ಮ ಹೇಳಿದ್ದಳು, “ನಾಳೆ ಬರೂಕಾಗುದಿಲ್ಲ ಸಣ್ಣಮ್ಮ. ಆ ಮಣ್ಣಿನ ರಾಶಿ ಮೇಲೆ ಇರ್ತದೆ, ಹಳದಿ ಹೂವು, ಎಲೆ ಮೇಲೆ ರೋಮ. ಬನ್ನಿ, ತೋರಿಸ್ಕೊಟ್ಟು ಹೋಗ್ತೆ.” ಗಿಡ ಗುರುತಿಸುವುದನ್ನು ಇವಳು ನನಗೆ ಕಲಿಸುವುದೇ ಅನ್ನಿಸಿತು. ಬೇಡ, ನೀ ಹೋಗು ಎಂದೆ. ಮರುದಿನ ಕೊಯ್ಯುವಾಗ ನಾಲ್ಕೋ ಐದೋ ಎಂದು ಎಸಳು ಕೂಡ ಎಣಿಸಲಿಲ್ಲ.

ಶುಕ್ರವಾರ ಅವಳು ಅಂಗಳದಲ್ಲಿ ನಿಂತು, “ನಾ ಕೊಯ್ದದ್ದಲ್ಲ ಅಮ್ಮ, ನಿಮ್ಮ ಸೊಸೇನೇ ಕೇಳಿ” ಎಂದಳು. ಅತ್ತೆ ತಿರುಗಿ ನನ್ನನ್ನು ನೋಡಿದರು. ಚೌಡಮ್ಮನೂ ನೋಡುತ್ತಿದ್ದಳು.

“ಅವ್ಳೇ ಅರೆದಿಟ್ಟಿಕ್ಕಿ ಹೋಗಿದ್ದು ಅತ್ತೆ” ಎಂದೆ.