ಸತ್ತ ಮಂತ್ರಿಗೆ ಒಂದು ಹಾರ

ಹೊಳಲ್ಕೆರೆ
೧೮ ಏಪ್ರಿಲ್ ೧೯೭೪, ಗುರುವಾರ, ಬೆಳಿಗ್ಗೆ

ಪ್ರೀತಿಯ ಚಂದ್ರೀ,

ಮೈ ಹೇಗಿದೆ? ಸೊಂಟನೋವು ಇಳಿಯಿತೇ? ಕಿವಿಗೆ ಹತ್ತಿ ಇಟ್ಟುಕೊಂಡಿದ್ದೀಯಾ, ಇಲ್ಲ ಸೆಕೆ ಅಂತ ಕಿತ್ತು ಬಿಸಾಡಿದೆಯಾ? ಬಾಣಂತಿ ನೀನು, ಗಾಳಿಯ ಜೊತೆ ಹಟ ಬೇಡ. ನಮ್ಮ ಪುಟ್ಟ ಮಹಾರಾಣಿಯವರು ರಾತ್ರಿಯೆಲ್ಲ ದರ್ಬಾರು ನಡೆಸಿ ಹಗಲು ನಿದ್ರಿಸುತ್ತಾರೆಂದು ನೀನು ಬರೆದಿದ್ದೆ. ನಾಟಕದವರ ವಂಶದ ಕೂಸು, ಇನ್ನೇನು ಮಾಡೀತು! ಹೋದ ಸಲ ಬಂದಾಗ ಅವಳು ನನ್ನ ಹೆಬ್ಬೆರಳನ್ನು ಹಿಡಿದಿದ್ದ ಬಿಗಿ ಇನ್ನೂ ಬೆರಳಿನಲ್ಲೇ ಉಳಿದಿದೆ. ಇಲ್ಲಿ ದನಗಳಿಗೆ ಔಷಧಿ ಕಲಸುತ್ತಾ ಕಲಸುತ್ತಾ ಸುಮ್ಮನೆ ನಿಂತುಬಿಡುತ್ತೇನೆ, ಡಾಕ್ಟರು ‘ಏನ್ರೀ, ಎಚ್ಚರ ಐತಾ?’ ಅನ್ನುವವರೆಗೆ. ನಾನು ಕ್ಷೇಮ. ಊಟವೂ ಸರಿಯಾಗಿದೆ.

ನಿನ್ನ ಪತ್ರದ ಒಂದು ಮಾತು ಮಾತ್ರ ಎದೆಯಲ್ಲಿ ಕುಂತುಬಿಟ್ಟಿದೆ. ‘ಆ ಊರಾಗೆ ನಮಗ್ಯಾರದಾರೆ? ಕೂಸು ಅತ್ರೆ ಎತ್ಕಳಾಕೆ ಇನ್ನೊಂದು ಕೈ ಇಲ್ಲ. ನೀವೇ ವರ್ಗ ಮಾಡಿಸ್ಕಂಡು ಬರ್ರಿ, ಇಲ್ದಿದ್ರೆ ನಾವಿಬ್ರೂ ಧರ್ಮಪುರದಾಗೇ ಇರ್ತೀವಿ’ ಎಂದಿದ್ದೆಯಲ್ಲ, ಆ ಮಾತು. ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ನೀನು ಹೇಳಿದ್ದು ನಿಜವೇ ಆಗಿತ್ತು. ಬಂದ ಹೊಸದರಲ್ಲಿ ಈ ಊರಿನ ದನಗಳಿಗೆಲ್ಲ ನನ್ನ ಗುರುತಿತ್ತು, ಜನಕ್ಕಿರಲಿಲ್ಲ. ದನದ ಆಸ್ಪತ್ರೆಗೆ ಬಂದವರು ಹಸುವಿನ ಹೊಟ್ಟೆಯ ಕಥೆ, ಹಸುವಿನ ಅಜ್ಜಿಯ ಕಥೆ ಎಲ್ಲ ಹೇಳಿ, ನನ್ನ ಹೆಸರು ಮಾತ್ರ ಕೇಳದೆ ಹೋಗುವರು. ನಮ್ಮೂರಲ್ಲಿ ಬಸ್ಸಿಳಿದರೆ ಸಾಕು, ಒಬ್ಬ ಮಾವ ಅನ್ನುವನು, ಒಬ್ಬ ಚಿಕ್ಕಪ್ಪ ಅನ್ನುವನು. ಇಲ್ಲಿ ನಾನು ಬರೀ ಕಾಂಪೌಂಡರ್. ಸಂಜೆ ಒಬ್ಬನೇ ಊರಾಚೆ ನಡೆಯುತ್ತಿದ್ದೆ. ರಾಮಗಿರಿಯ ಕಡೆ ಬೆಟ್ಟ ನೀಲಿ ಬಣ್ಣ ಬಳಿದ ಪರದೆಯ ಹಾಗೆ ಇಳಿಬಿದ್ದಿರುತ್ತಿತ್ತು. ಆ ಪರದೆ ಈಗ ಏಳುತ್ತದೆ, ಅದರ ಹಿಂದಿನಿಂದ ನೀನು ಕೂಸನ್ನೆತ್ತಿಕೊಂಡು ಬರುತ್ತೀಯೆ ಎಂದು ಕತ್ತಲಾಗುವವರೆಗೆ ನೋಡಿ ನಿಂತು ತಿರುಗಿ ಬರುತ್ತಿದ್ದೆ.

ಆಗ ಬಂತು ನೋಡು ನಾಟಕ! ಯುಗಾದಿ ಕಳೆದ ಮೇಲೆ ಊರವರೇ ಬಣ್ಣ ಹಚ್ಚಿ ಆಡುವ ಆಟ. ರೇಷನ್ ಅಂಗಡಿಯ ಓಬಳೇಶಪ್ಪ ಅದರ ಯಜಮಾನ, ಮೈಕೂ ಅವನ ಕೈಯಲ್ಲೇ. ಅಪ್ಪನ ನಾಟಕದ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದ ನಾನು ಕರೆಯದಿದ್ದರೂ ಹೋದೆ. ಹೋಗಿ ಒಂದೇ ಒಂದು ಮಾತು ಗುಡುಗಿ ತೋರಿಸಿದೆ, ಅಂಗಡಿಯ ತಗಡೆಲ್ಲ ಗಲಗಲ ಅಂದವು. ಓಬಳೇಶಪ್ಪ ಕಿವಿ ಉಜ್ಜಿಕೊಂಡು, ‘ಗಂಟ್ಲು ಐತೆ ಬಿಡ್ರಿ, ಮಂತ್ರಿ ಪಾರ್ಟು ಮಾಡ್ರಿ’ ಅಂದ. ಊರಿನವರು ಯಾರೂ ಒಪ್ಪದೆ ಬಿಟ್ಟ ಪಾತ್ರ ಅದು. ಮಂತ್ರಿಗೆ ಕಿರೀಟವಿಲ್ಲ. ಕೊನೆಯ ಅಂಕದಲ್ಲಿ ಸಾಯಬೇಕು, ಸತ್ತ ಮೇಲೆ ರಾಜನ ಹಾಡು ಮುಗಿಯುವವರೆಗೂ ಅಲ್ಲೇ ಬಿದ್ದಿರಬೇಕು. ನಾನು ಎರಡೂ ಕೈಚಾಚಿ ಸ್ವೀಕರಿಸಿದೆ.

ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲಿ ಬೋರಕ್ಕ ಅಂತ ಒಬ್ಬಳಿದ್ದಾಳೆ. ಗಂಡ ತೀರಿಕೊಂಡು ವರ್ಷಗಳಾದವು, ಮಕ್ಕಳಿಲ್ಲ, ಒಂದು ಎಮ್ಮೆ ಇದೆ, ಬೀದಿಗೆಲ್ಲ ಹಾಲು ಹಾಕುತ್ತಾಳೆ. ಅವಳು ಹಾಲು ಕರೆಯುವ ಹೊತ್ತಿಗೇ ನಾನು ಮಾತು ಉರು ಹೊಡೆಯಲು ಕೂತೆ. ‘ಎಲೈ ದ್ರೋಹಿ!’ ಅಂದದ್ದೇ ತಡ, ಗೋಡೆಯಾಚೆ ಎಮ್ಮೆ ಬಕೆಟ್ಟು ಒದೆಯಿತು. ಗೋಡೆಯ ಮೇಲೆ ಅವಳ ಮುಖ ಮೂಡಿತು. ‘ಏನಪ್ಪ ಮಂತ್ರಿ, ನಿನ್ ದ್ರೋಹೀನ ಬ್ಯಾರೆ ಎಲ್ಲಾರ ಹುಡುಕ್ಕ. ನನ್ನೆಮ್ಮೆ ನಿನಗೇನ್ ಮಾಡೈತೆ? ಸೊರನೇ ಬಿಡವಲ್ದು, ಹಾಲೇ ಇಳಿಸವಲ್ದು!’ ಮರುದಿನದಿಂದ ಹಾಲಿನ ಬಕೆಟ್ಟು ಒಳಗಿಟ್ಟು ಬಂದು, ‘ಹ್ಞಾ, ಈಗ ಒದರು’ ಎಂದು ಅವಳು ಅಪ್ಪಣೆ ಕೊಟ್ಟ ಮೇಲೇ ನನ್ನ ಗರ್ಜನೆ. ದಿನ ಕಳೆದಂತೆ ನಾನು ನಡುವೆ ಮಾತು ಮರೆತು ನಿಂತರೆ ಗೋಡೆಯಾಚೆಯಿಂದ ಮುಂದಿನ ಸಾಲು ತೇಲಿ ಬರುತ್ತಿತ್ತು, ಬೆರಣಿಯ ಹೊಗೆಯ ಜೊತೆ.

ಇಷ್ಟಾದರೂ ನನಗೆ ಒಂದು ಭಯ. ನಾಟಕದಲ್ಲಿ ಯಾವನೇ ಪಾತ್ರಧಾರಿ ರಂಗಕ್ಕೆ ಬರಲಿ, ಆಟ ನಿಲ್ಲಿಸಿ ಅವನ ನೆಂಟರು ಮೇಲೆ ಹತ್ತಿ, ಮೈಕಿನಲ್ಲಿ ಸಂಬಂಧ ಕೂಗಿಸಿ ಹಾರ ಹಾಕುತ್ತಾರಲ್ಲ, ಇಲ್ಲಿಯೂ ಹಾಗೇ. ರಾಜನ ಪಾತ್ರದ ದೊಡ್ಡತಿಮ್ಮಪ್ಪ, ಹೋಟೆಲಿನವನು, ಅವನಿಗೆ ಬಿದ್ದ ಹಾರಗಳಲ್ಲಿ ಬಾಯಿ ಮುಚ್ಚಿಹೋಗಿ ಮಾತೆಲ್ಲ ಮೂಗಿನಿಂದ ಬಂತು. ಅಂಥ ಸಭೆಯಲ್ಲಿ ಬರಿಗೊರಳಿನಲ್ಲಿ ನಿಲ್ಲುವುದೆಂದರೆ ಇವನಿಗೆ ಯಾರೂ ಇಲ್ಲ ಅಂತ ಡಂಗುರ ಸಾರಿದ ಹಾಗೆ. ನಿನ್ನ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಅದಕ್ಕೇ ಆಟ ಶುರುವಾಗುವ ಮೊದಲೇ ನಾನೇ ಒಂದು ಸುಗಂಧರಾಜದ ಹಾರ ಕಟ್ಟಿಸಿ ಓಬಳೇಶಪ್ಪನ ಕೈಗಿಟ್ಟು, ‘ನಮ್ಮಕ್ಕ ಕೊಟ್ಟಿದ್ದು, ಕೂಗಿಬಿಡ್ರಿ’ ಅಂದೆ. ಒಬ್ಬನೇ ಮಗ ನಾನು, ನನಗೆಲ್ಲಿಯ ಅಕ್ಕ! ನಮ್ಮ ಧರ್ಮಪುರದಲ್ಲಾದರೆ ಬರಲಾಗದ ನೆಂಟರ ಹಾರವನ್ನು ಹಾರ್ಮೋನಿಯಂ ಮೇಷ್ಟ್ರೇ ಹಾಕುತ್ತಾರೆ. ಇಲ್ಲಿಯ ಪದ್ಧತಿ ಬೇರೆ ಅಂತ ನಾನೇನು ಕನಸು ಕಂಡಿದ್ದೆನೆ? ಇಲ್ಲಿ ಕೊಟ್ಟವರೇ ಬಂದು ಹಾಕಬೇಕು. ಅವರು ಬರುವವರೆಗೆ ಆಟ ಮುಂದೆ ಹೋಗುವಂತಿಲ್ಲ.

ಶನಿವಾರ ಶುರುವಾದ ಆಟ ಕೊನೆಯ ಅಂಕಕ್ಕೆ ಬರುವಾಗ ಮೂಡಣ ಬೆಳ್ಳಗಾಗುತ್ತಿತ್ತು. ದೀಪಗಳೆಲ್ಲ ನೀರು ಬೆರೆಸಿದ ಹಾಲಿನಂತೆ ತೆಳುವಾಗಿದ್ದವು, ಅರ್ಧ ಚಂದ್ರ ಇನ್ನೂ ಮೇಲೇ ಉಳಿದಿದ್ದ. ಸತ್ತೆ, ಚಂದ್ರೀ! ಎಂಥಾ ಸಾವು ಅಂತೀಯ! ಬಿದ್ದ ಸದ್ದಿಗೆ ಮುಂದಿನ ಸಾಲಿನಲ್ಲಿ ಮಲಗಿದ್ದ ಕೂಸುಗಳೆಲ್ಲ ಎದ್ದು ಅತ್ತವು. ರಾತ್ರಿಯೆಲ್ಲ ನನ್ನ ಹಾರ ಮರೆತಿದ್ದ ಮೈಕು ಆ ಗಳಿಗೆಗೇ ಮಾತಾಡಿತು. ‘ಮಂತ್ರಿ ಪಾತ್ರಧಾರಿ ಶ್ರೀ ಕಾಟಲಿಂಗಪ್ಪನವರಿಗೆ ಅವರ ಅಕ್ಕನವರಿಂದ ಪುಷ್ಪಹಾರ! ಅಕ್ಕನವರು ಎಲ್ಲಿದ್ರೂ ರಂಗಕ್ಕೆ ಬರ್ಬೇಕು!’ ಯಾರೂ ಏಳಲಿಲ್ಲ. ಮತ್ತೊಮ್ಮೆ ಕೂಗಿದ. ‘ಯಾಕ್ರಿ, ಅಕ್ಕಾರು ನಿದ್ದೆ ಹೋದ್ರಾ?’ ಹಿಂದಿನಿಂದ ಯಾವನೋ, ‘ತಡ್ಕಳ್ರಿ, ಅಕ್ಕ ಇನ್ನೂ ಹುಟ್ಟಬೇಕು!’ ಅಂದ. ಸಭೆಯೆಲ್ಲ ನಕ್ಕಿತು. ನಾನು ಹೆಣ. ಎದ್ದು ಹೇಳುವಂತಿಲ್ಲ, ಓಡುವಂತಿಲ್ಲ. ಮುಚ್ಚಿದ ರೆಪ್ಪೆಯೊಳಗೆ ಬೆಳಕು ಕೆಂಪಾಗಿ ಊರುತ್ತಿತ್ತು. ರಂಗಸ್ಥಳ ಬುಡ ಬಿಟ್ಟು ತೆಪ್ಪದ ಹಾಗೆ ತೇಲಿ, ನಗುವವರನ್ನೆಲ್ಲ ದಾಟಿ, ನನ್ನನ್ನು ನಿಮ್ಮ ಮನೆಯ ಬಾಗಿಲಿಗೇ ಒಯ್ಯುತ್ತಿದೆ ಅನ್ನಿಸಿತು.

ಅಷ್ಟರಲ್ಲಿ ಹಲಗೆಗಳು ಕಿರ್ ಅಂದವು. ಬೆರಣಿ ಹೊಗೆಯ ವಾಸನೆ ಬಂತು. ಕಣ್ಣು ತೆರೆಯದೆಯೇ ಗುರುತು ಹತ್ತಿತು. ‘ಏಳೋ ತಮ್ಮಾ. ಮಲಗಿದೋನ ಕೊರಳಿಗೆ ಹಾರ ಹಾಕಾಕೆ ನಾನು ಬಂದಿಲ್ಲ. ಎದ್ದು ಹಾಕಿಸ್ಕಂಡು, ಬೇಕಾದ್ರೆ ಇನ್ನೊಂದು ಸಲ ಸಾಯಿ.’ ರಾಜ ಗಾಬರಿಯಾಗಿ, ‘ದೊಡ್ಡವ್ವಾ, ಅವ್ನು ಸತ್ತಾನೆ, ಏಳಂಗಿಲ್ಲ’ ಅಂದ. ‘ನೀನು ಸುಮ್ನಿರಪ್ಪ, ನಿನ್ ಕೊರಳು ತುಂಬೈತೆ’ ಅಂದಳು ಬೋರಕ್ಕ. ನಾನು ಎದ್ದೆ. ಮಂಡಿಯೂರಿ ತಲೆ ಬಗ್ಗಿಸಿದೆ. ಹಾರ ಬಿತ್ತು. ಹೂವೆಲ್ಲ ರಾತ್ರಿಯಿಡೀ ನೆನೆದು ತಣ್ಣಗಿದ್ದವು. ನನ್ನ ಬಣ್ಣ ಕಣ್ಣೀರಿನಲ್ಲಿ ಇಳಿಯುವುದನ್ನು ಕಂಡು ಜನ ಅದೂ ಪಾತ್ರವೇ ಅಂದುಕೊಂಡು ‘ಒನ್ಸ್ ಮೋರ್’ ಅಂದರು. ಮತ್ತೆ ಸತ್ತೆ, ಈ ಸಲ ಸ್ವಲ್ಪ ಮೆತ್ತಗೆ.

ಮನೆಗೆ ನಡೆಯುವಾಗ ಹಾರದ ನಿಜ ಹೇಳಲು ಬಾಯಿ ತೆರೆದೆ. ಅವಳು ಮಾತು ಮುಗಿಸಗೊಡಲಿಲ್ಲ. ‘ಮೈಕಿನಾಗೆ ಕೂಗಿದ್ರು, ಯಾರೂ ಏಳ್ಲಿಲ್ಲ. ನನಗೆ ಕುಂತು ಕುಂತು ಕಾಲು ಜೋಮು ಹಿಡಿದಿತ್ತು, ಎದ್ದೆ. ಅಷ್ಟೇಯ’ ಅಂದು, ಎಮ್ಮೆಗೆ ಹೊತ್ತಾಯಿತು ಅಂತ ಬಿರಬಿರನೆ ಹೋದಳು.

ಆದರೆ ಊರಿಗೆ ಊರೇ ಕೇಳಿಸಿಕೊಂಡ ಮಾತು ಹಿಂದಕ್ಕೆ ಹೋಗುತ್ತದೆಯೇ? ದೊಡ್ಡತಿಮ್ಮಪ್ಪನಿಗೆ ಅವಳು ವರಸೆಯಲ್ಲಿ ದೊಡ್ಡವ್ವ, ಹಾಗಾಗಿ ನಾನು ಮಾವ. ‘ಬಾ ಮಾವ, ಎರಡು ಸಲ ಸತ್ತು ಸುಸ್ತಾಗಿದ್ದೀಯ, ಚಾ ಕುಡಿ’ ಎಂದು ಹೋಟೆಲಿನೊಳಗೆ ಎಳೆದ. ಓಬಳೇಶಪ್ಪನಿಗೆ ಅವಳು ಅತ್ತಿಗೆ, ಅವನು ‘ಏನ್ ಭಾವ’ ಅನ್ನುತ್ತಾನೆ. ಈಗ ಆಸ್ಪತ್ರೆಯಿಂದ ಕೋಣೆಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ನೆಂಟರು. ನಿನ್ನೆ ಸಂಜೆ ಬೆಟ್ಟದ ಕಡೆ ಹೋಗುವುದಕ್ಕೇ ಆಗಲಿಲ್ಲ, ಮಾತಾಡಿಸುವವರು ಬಿಟ್ಟರಲ್ಲವೇ! ಬಾ ಅಂತ ನಾನು ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ.

ಅತ್ತೆ ಮಾವಂದಿರ ಪಾದಗಳಿಗೆ ನನ್ನ ಶರಣು. ಕೂಸಿನ ನೆತ್ತಿಗೆ ಒಂದು ಮುತ್ತು, ನಿನಗೆ ಹೇಳದೆ ಉಳಿಸಿಕೊಂಡ ಮಾತುಗಳೆಲ್ಲ.

ನಿನ್ನವನೇ,
ಕಾಟಲಿಂಗಪ್ಪ

ವಿ.ಸೂ.: ಇದನ್ನು ಅಂಚೆಗೆ ಹಾಕಲು ಹೊರಟಿದ್ದೆ. ಬೋರಕ್ಕ ಗಂಟು ಕಟ್ಟಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ‘ಕೂಸಿನ ಕಿವಿಯಾಗೆ ಹೆಸರು ಕೂಗೋ ಸೋದರತ್ತೆ ನಾನಿರುವಾಗ ಅಂಚೆಯೋನು ಯಾಕೆ? ಇತ್ಲಾಗೆ ಕೊಡು, ನಾನೇ ಹೋಗ್ತೀನಿ. ಎಮ್ಮೆ ನೀನು ಕರಿ, ಒದರಬ್ಯಾಡ’ ಅನ್ನುತ್ತಾಳೆ. ಬಸ್ಸಿಗೆ ಹೊತ್ತಾಯಿತು. ದುರ್ಗದಲ್ಲೊಮ್ಮೆ, ಹಿರಿಯೂರಿನಲ್ಲೊಮ್ಮೆ ಬಸ್ಸು ಬದಲಿಸಬೇಕು. ಓದು ಬಾರದವಳು, ಕೇಳಿಕೊಂಡೇ ಬರುತ್ತಾಳೆ. ನೀನು ಬರುವುದು ಬಿಡುವುದು ನನಗೆ ಬರೆಯಬೇಡ, ಅವಳಿಗೇ ಹೇಳು. ಈ ಕಾಗದ ನಿನ್ನ ಕೈಯಲ್ಲಿದೆ ಅಂದರೆ ಅವಳು ನಿಮ್ಮ ಹೊಸ್ತಿಲ ಆಚೆ ಬಿಸಿಲಿನಲ್ಲಿ ನಿಂತಿದ್ದಾಳೆ. ಓದಿದ್ದು ಸಾಕು, ಕಾಲಿಗೆ ನೀರು ಕೊಡು. ಕೂಸನ್ನು ಎತ್ತಿ ಅವಳ ಕೈಗೆ ಕೊಡು.